ಬುಧವಾರ ಆರರಿಂದ ಏಳು

ಒಳಗೆ ಯಾರೋ ಕಲ್ಲಿಗೆ ನೀರು ಎರಚಿದರು. ಚುಂಯ್ ಎಂಬ ಸದ್ದು ಬಾಗಿಲ ಸಂದಿಯಿಂದ ಹೊರಬಂದಾಗ ಮೆರ್ಲೆ ಒಂದು ಕಾಲಿನ ಬೂಟು ಬಿಚ್ಚಿ ಇನ್ನೊಂದರ ದಾರಕ್ಕೆ ಕೈಹಾಕಿದ್ದಳು. ಬಗ್ಗಿದವಳು ಬಗ್ಗಿದಂತೆಯೇ ಉಳಿದಳು. ಎದುರಿನ ಬೆಂಚಿನ ಕೆಳಗೆ ಒಂದು ಜೊತೆ ಗಂಡಸಿನ ಬೂಟುಗಳಿದ್ದವು. ಹಳೆಯವು, ಆದರೆ ಪಾಲಿಷ್ ಮಾಡಿದವು. ಗೂಟಕ್ಕೆ ಒದ್ದೆ ಕೋಟು. ಬೆಂಚಿನ ಮೇಲೆ ಮಡಿಕೆ ಕೆಡದಂತೆ ಮಡಿಸಿಟ್ಟ ಪ್ಯಾಂಟು, ಅದರ ಮೇಲೆ ಕನ್ನಡಕ.

ನೆಲಮಾಳಿಗೆಯ ಆ ಪುಟ್ಟ ಕೋಣೆಯ ಗೋಡೆಗೆ ಸೌನಾ ಸರದಿಯ ಪಟ್ಟಿ ಅಂಟಿಸಿತ್ತು. ಕಾದ ಕಲ್ಲಿಗೆ ನೀರು ಹಾಕಿ ಹಬೆಯಲ್ಲಿ ಕೂರುವ ಸ್ನಾನದ ಕೋಣೆ, ಕಟ್ಟಡದ ಇಪ್ಪತ್ತೆರಡು ಮನೆಗಳಿಗೂ ಇದ್ದದ್ದು ಇದೊಂದೇ ಸೌನಾ. ಮನೆಗೆ ವಾರಕ್ಕೆ ಒಂದು ಗಂಟೆ. ಬುಧವಾರ ಆರರಿಂದ ಏಳು, ಹೊಂಕಲ. ಮೆರ್ಲೆ ಇನ್ನೊಮ್ಮೆ ಓದಿಕೊಂಡಳು, ಗಡಿಯಾರ ನೋಡಿಕೊಂಡಳು, ಆಮೇಲೆ ಬಾಗಿಲು ಬಡಿದಳು.

"ಯಾರ್ರೀ ಒಳಗೆ? ಇದು ನನ್ನ ಸರದಿ."

"ಆರರಿಂದ ಏಳು ಹೊಂಕಲ!" ಒಳಗಿನಿಂದ ಒಂದು ಮುದಿ ದನಿ ಕೂಗಿತು.

"ಹೊಂಕಲ ನಾನೇ."

ಸೌಟನ್ನು ಬಕೆಟ್ಟಿನೊಳಗೆ ಇಟ್ಟದ್ದು ಕೇಳಿಸಿತು.

"ಹೊಂಕಲ ನೀನಾದ್ರೆ ನಾನ್ಯಾರಮ್ಮಾ? ಸ್ವಲ್ಪ ಆ ಕಡೆ ತಿರುಗಿ ನಿಂತ್ಕೋ, ಬರ್ತೀನಿ."

ಆ ಹೆಸರಿಗೂ ಮೆರ್ಲೆಗೂ ಇದ್ದ ಸಂಬಂಧ ಇಷ್ಟೇ. ಆಗಸ್ಟಿನಲ್ಲಿ ಅವಳು ಈ ಕಟ್ಟಡದ ಮೂರನೇ ಮಹಡಿಯ ಮನೆಯನ್ನು ಸಾಮಾನು ಸಮೇತ ಐದು ತಿಂಗಳಿಗೆ ಬಾಡಿಗೆ ಹಿಡಿದಿದ್ದಳು. ಮನೆ ಕೊಟ್ಟ ಮಾರ್ಯುತ್ ಎಂಬ ಹೆಂಗಸು ಕೀ ಕೈಗಿಡುವಾಗ, "ಬಾಗಿಲ ಮೇಲಿನ ಹೆಸರು ಹಾಗೇ ಇರ್ಲಿ. ಐದು ತಿಂಗಳಿಗೆ ಅಂತ ಯಾಕೆ ಬದಲಾಯಿಸೋದು?" ಎಂದಿದ್ದಳು. ಮೆರ್ಲೆಗೆ ಅದು ಹೊಸತಾಗಿರಲಿಲ್ಲ. ಎಸ್ಟೋನಿಯಾದ ವಿಲ್ಯಾಂದಿಯಿಂದ ಕಡಲು ದಾಟಿ ಫಿನ್ಲೆಂಡಿಗೆ ಬಂದು ಹತ್ತು ವರ್ಷವಾಗಿತ್ತು. ಕಂಪನಿ ಎಲ್ಲಿ ಕಟ್ಟಡ ಕಟ್ಟುತ್ತದೋ ಅಲ್ಲಿಗೆ ಅವಳೂ ಹೋಗಬೇಕು. ಈ ತಾಂಪೆರೆಯ ಮನೆ ಹನ್ನೆರಡನೆಯದು. ಹನ್ನೆರಡು ಬಾಗಿಲಲ್ಲಿ ಹನ್ನೆರಡು ಜನರ ಹೆಸರು ಹೊತ್ತು ಬಾಳಿದ್ದಳು. ವಿಲ್ಯಾಂದಿಯಲ್ಲಿದ್ದ ಅವಳ ಸ್ವಂತ ಮನೆಯಲ್ಲಿ, ಅವಳ ತಟ್ಟೆ, ಅವಳ ಪರದೆ, ಅವಳ ಹೆಸರಿನ ಕೆಳಗೆ ಯಾರೋ ಲಾಟ್ವಿಯಾದ ಗಂಡ ಹೆಂಡತಿ ಸಂಸಾರ ಮಾಡಿಕೊಂಡಿದ್ದರು.

ಮುದುಕ ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು ಹೊರಬಂದ. ಎಂಬತ್ತು ದಾಟಿದವನು. ಉದ್ದನೆಯ ಆಳು, ಎಡಭುಜ ಬಲದ್ದಕ್ಕಿಂತ ತಗ್ಗು. ಮೆರ್ಲೆಗೆ ಇವನನ್ನು ಎಲ್ಲೋ ಬಲ್ಲೆನಲ್ಲಾ ಎನಿಸಿತು. ಎಲ್ಲಿ ಎಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಮೂರು ತಿಂಗಳಿಂದ ಅವಳು ಮಲಗುತ್ತಿದ್ದ ಹಾಸಿಗೆಯ ಎಡಮಗ್ಗುಲಲ್ಲಿ ಒಂದು ಉದ್ದನೆಯ ಹಳ್ಳವಿತ್ತು, ಭುಜದ ಜಾಗದಲ್ಲಿ ಇನ್ನಷ್ಟು ಆಳ. ಎಷ್ಟು ಬಲಕ್ಕೆ ಸರಿದು ಮಲಗಿದರೂ ಬೆಳಗಾಗುವಾಗ ಅವಳು ಆ ಹಳ್ಳದಲ್ಲೇ ಇರುತ್ತಿದ್ದಳು. ಈ ಮನುಷ್ಯ ಆ ಹಳ್ಳದ ಅಳತೆಗೆ ಸರಿಯಾಗಿದ್ದ.

"ಮೂರನೇ ಮಹಡಿಯೋಳಾ?"

"ಹೌದು."

"ಹಾಗಾದ್ರೆ ನನ್ನ ಹಾಸಿಗೇಲಿ ಮಲಗೋಳು ನೀನೇ" ಎಂದ. ಮಾತು ಎಲ್ಲೋ ಅಡ್ಡಾದಿಡ್ಡಿ ಹೋಯಿತೆಂದು ತಿಳಿದು ಕೆಮ್ಮಿದ. "ನಾನು ಅರ್ಮಾಸ್. ಮಾರ್ಯುತಳ ಅಪ್ಪ. ಈಗ ಆ ಸೇತುವೆ ಆಚೆಗಿನ ಆರೈಕೆಮನೇಲಿ ಇಟ್ಟಿದ್ದಾರೆ ನನ್ನ. ತಪ್ಪಿಸ್ಕೊಂಡು ಬರೋಕೆ ಇವತ್ತೇ ಆಗಿದ್ದು."

"ಯಜಮಾನ್ರೇ, ನನ್ನ ಕರಾರಿನಲ್ಲಿ ಸೌನಾನೂ ಬರೆದಿದೆ."

"ಬರೆದೋರು ಯಾರು? ಮಾರ್ಯುತ್. ಅವಳು ಹುಟ್ಟೋಕೆ ಮುಂಚೆಯಿಂದ ಈ ಗಂಟೆ ನಂದು. ಮನೆ ಕೊಟ್ಟಿದ್ದೀನಿ ತಾಯಿ, ಬುಧವಾರ ಕೊಟ್ಟಿಲ್ಲ." ಕನ್ನಡಕ ಹಾಕಿಕೊಂಡು ಅವಳ ಮುಖ ನೋಡಿದ. ಏನು ಕಂಡಿತೋ, ದನಿ ಇಳಿಸಿದ. "ಯಜಮಾನ ಗಿಜಮಾನ ಬೇಡ, ಅರ್ಮಾಸ್ ಅನ್ನು. ಇನ್ನೂ ಇಪ್ಪತ್ತು ನಿಮಿಷ ಉಳಿದಿದೆ, ಹೋಗು. ಏನೂ ಪುಲ್ಮ ಇಲ್ಲ."

"ಮದುವೆನಾ?" ಎಂದುಬಿಟ್ಟಳು ಮೆರ್ಲೆ.

ಅವಳ ಮಾತೂ ಇಲ್ಲಿನವರ ಮಾತೂ ಅಕ್ಕತಂಗಿಯರು. ಮುಖ ಒಂದೇ, ಬುದ್ಧಿ ಬೇರೆ. ಇವರು ತೊಂದರೆಗೆ ಅನ್ನುವ ಪುಲ್ಮ ಅವಳ ಊರಿನಲ್ಲಿ ಮದುವೆ. ಹತ್ತು ವರ್ಷವಾದರೂ, ದಣಿದ ಹೊತ್ತಿನಲ್ಲಿ ಅವಳ ಕಿವಿ ಮೊದಲು ಊರಿನ ಅರ್ಥವನ್ನೇ ಹಿಡಿಯುತ್ತಿತ್ತು. ನಾಚಿಕೊಂಡು ವಿವರಿಸಿದಳು. ಅರ್ಮಾಸ್ ಟವೆಲ್ಲು ಗಟ್ಟಿ ಹಿಡಿದುಕೊಂಡು ನಕ್ಕ.

"ಐವತ್ತೊಂದು ವರ್ಷ ನಡೆಸಿದ್ದೀನಿ. ಹೆಸರಿಟ್ಟೋರು ನಿಮ್ಮೋರೇ ಸರಿ."

ಅರ್ಮಾಸ್ ಎಂದರೆ ಎರಡೂ ಭಾಷೆಯಲ್ಲಿ ಮುದ್ದು ಎಂದೇ ಅರ್ಥ. ಮೆರ್ಲೆ ಯಾರನ್ನೂ ಹಾಗೆ ಕರೆದು ಬಹಳ ಕಾಲವಾಗಿತ್ತು. ಆ ದಿನ ಅವಳು ಅವನನ್ನು ಮತ್ತೆ ಏನೆಂದೂ ಕರೆಯಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಬಟ್ಟೆ ಬಿಚ್ಚಿ, ಮೈತೊಳೆದು, ಬಿಸಿಗೆ ಕೂರುವಷ್ಟರಲ್ಲಿ ಉಳಿದದ್ದು ಹತ್ತು. ಏಳಕ್ಕೆ ಮುಂದಿನ ಸರದಿಯವರು ಬಂದು ಬಾಗಿಲಲ್ಲಿ ಕೆಮ್ಮಿದರು. ಅವಳ ಬಲಭುಜ ಆಗತಾನೇ ಸಡಿಲವಾಗತೊಡಗಿತ್ತು.

ಭುಜದ ಕಥೆಯನ್ನು ಹೇಳಲೇಬೇಕು. ಮೆರ್ಲೆಯ ಕೆಲಸ ಹೊಸ ಕಟ್ಟಡಗಳ ಸೀಲಿಂಗಿಗೆ ಪುಟ್ಟಿ ಹಚ್ಚಿ, ಒಣಗಿದ ಮೇಲೆ ಉಜ್ಜಿ ನುಣುಪು ಮಾಡುವುದು. ದಿನಕ್ಕೆ ಎಂಟು ಗಂಟೆ ಕತ್ತು ಹಿಂದಕ್ಕೆ, ಕೈ ಮೇಲಕ್ಕೆ. ಐವತ್ತೊಂದನೇ ವಯಸ್ಸಿನಲ್ಲಿ ಆ ಕೈ ಸೋಮವಾರ ಹೇಳಿದ ಮಾತು ಕೇಳುತ್ತಿತ್ತು, ಮಂಗಳವಾರ ಗೊಣಗುತ್ತಿತ್ತು, ಬುಧವಾರ ಸಂಜೆಯ ಹೊತ್ತಿಗೆ ಕಾಫಿ ಲೋಟ ಎತ್ತಲೂ ಒಪ್ಪುತ್ತಿರಲಿಲ್ಲ. ಡಾಕ್ಟರು ವಿಶ್ರಾಂತಿ ಬರೆದುಕೊಟ್ಟಿದ್ದರು. ವಿಶ್ರಾಂತಿಯನ್ನು ಯಾವ ಅಂಗಡಿಯಲ್ಲಿ ಕೊಡುತ್ತಾರೆ ಎಂದು ಅವಳು ಕೇಳಿರಲಿಲ್ಲ. ಬುಧವಾರದ ಒಂದು ಗಂಟೆಯ ಬಿಸಿಯಲ್ಲಿ ಭುಜವನ್ನು ಮಾತಾಡಿಸಿ ಸಮಾಧಾನ ಮಾಡಿಕೊಂಡರೆ ಗುರುವಾರ, ಶುಕ್ರವಾರ ಹೇಗೋ ದೂಡಬಹುದು. ಈ ಮನೆಯಲ್ಲಿ ಅವಳದೆಂದು ಹೇಳಿಕೊಳ್ಳುವಂಥದ್ದು ಇದ್ದರೆ ಅದು ಆ ಒಂದು ಗಂಟೆ ಮಾತ್ರ. ಉಳಿದದ್ದೆಲ್ಲ ಪಟ್ಟಿಯಲ್ಲಿತ್ತು.

ಪಟ್ಟಿಯೆಂದರೆ ಮಾರ್ಯುತ್ ಟೈಪು ಮಾಡಿಸಿ ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದು. ಮುಳ್ಳುಚಮಚ ಆರು. ಚಮಚ ಐದು, ಒಂದು ಮೊದಲೇ ಕಳೆದಿದೆ. ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತದೆ, ತಿದ್ದಬಾರದು. ಹಜಾರದಲ್ಲಿರುವ ಅಮ್ಮನ ಫೋಟೋ ತೆಗೆಯಬಾರದು. ಕೀ ಎರಡು. ಎಲ್ಲಕ್ಕಿಂತ ವಿಚಿತ್ರವಾದದ್ದು ಕೊನೆಯ ಸಾಲು: ಫ್ರೀಜರಿನ ಕೆಳಗಿನ ಖಾನೆ ಖಾಲಿ ಮಾಡಬಾರದು. ಮೊದಲ ದಿನವೇ ಮೆರ್ಲೆ ಆ ಖಾನೆ ಎಳೆದು ನೋಡಿದ್ದಳು. ಪೇಪರಿನಲ್ಲಿ ಸುತ್ತಿದ ನಾಲ್ಕು ಸೊಪ್ಪಿನ ಕಟ್ಟುಗಳು. ಬೇಸಿಗೆಯಲ್ಲಿ ಎಳೆಯ ಬರ್ಚ್ ಕೊಂಬೆ ಕಡಿದು ಕಟ್ಟಿ, ಚಳಿಗಾಲದ ಸೌನಾದಲ್ಲಿ ಮೈಗೆ ಬಡಿದುಕೊಳ್ಳಲು ಇಟ್ಟಂಥವು. ಅವಳ ಅಪ್ಪನೂ ಕಟ್ಟುತ್ತಿದ್ದ. ಅವಳು ಖಾನೆಯನ್ನು ಮೆಲ್ಲಗೆ ಮುಚ್ಚಿ, ತನ್ನ ಮೀನು ಮಾಂಸಗಳನ್ನು ಮೇಲಿನ ಒಂದೇ ಖಾನೆಗೆ ತುರುಕಿದ್ದಳು.

ಮರುದಿನ ಮಧ್ಯಾಹ್ನ ಅವಳು ಏಣಿಯ ಮೇಲಿದ್ದಾಗ ಮಾರ್ಯುತಳ ಫೋನು ಬಂತು. ಮಾರ್ಯುತ್ ಇರುವುದು ಆರು ಗಂಟೆ ದೂರದ ಔಲುವಿನಲ್ಲಿ. ಅವಳ ದನಿ ಯಾವಾಗಲೂ ಈಗಷ್ಟೇ ಇನ್ನೊಂದು ಫೋನು ಇಟ್ಟು ಬಂದವಳಂತೆ ಇರುತ್ತಿತ್ತು.

"ಮೆರ್ಲೆ, ಅಪ್ಪ ನಿನ್ನೆ ಅಲ್ಲಿಗೆ ಬಂದಿದ್ರಾ? ಆರೈಕೆಮನೆಯೋರು ಫೋನ್ ಮಾಡಿದ್ರು. ಸಂಜೆ ಕಾಣಿಸ್ಲಿಲ್ಲವಂತೆ, ಎಂಟಕ್ಕೆ ತಲೆ ಒದ್ದೆ ಮಾಡ್ಕೊಂಡು ಬಂದ್ರಂತೆ."

ಸುಳ್ಳು ಹೇಳಲು ಮೆರ್ಲೆಗೆ ಕಾರಣವಿರಲಿಲ್ಲ. ಬಂದಿದ್ದರು ಎಂದಳು.

"ಸೆಪ್ಟೆಂಬರಲ್ಲಿ ಎದೆ ಹಿಡ್ಕೊಂಡು ಬಿದ್ದಿದ್ರು, ಗೊತ್ತಾ ನಿಮಗೆ? ಸೌನಾ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಅದರೊಳಗೇ ಏನಾದ್ರೂ ಆದ್ರೆ? ಯಾರಿಗೂ ಗೊತ್ತಾಗಲ್ಲ. ಅವರ ಹತ್ರ ಒಂದು ಕೀ ಇರ್ಬೇಕು, ನನಗೆ ಹೇಳಿಲ್ಲ. ನಾನು ಕೇಳಿದ್ರೆ ಜಗಳ ಆಗುತ್ತೆ. ನೀವು ಹೊರಗಿನೋರು, ನೀವು ಕೇಳಿದ್ರೆ ಕೊಟ್ಟುಬಿಡ್ತಾರೆ." ಒಂದು ಉಸಿರು ಎಳೆದುಕೊಂಡಳು. "ಮೇ ತನಕ ಮನೆ ಬೇಕು ಅಂದಿದ್ರಲ್ಲ? ಕೀ ಇಸ್ಕೊಳ್ಳಿ, ಮೇ ತನಕ ನಿಮಗೇ ಬರೆದುಕೊಡ್ತೀನಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ನಾನೇ ಬಂದು ಅಲ್ಲಿರಬೇಕು. ಆಗ ಮನೆ ನನಗೇ ಬೇಕಾಗುತ್ತೆ. ನಂಗೂ ಅರವತ್ತಾಗ್ತಾ ಬಂತು ಮೆರ್ಲೆ. ಎಷ್ಟು ಕಡೆಗೆ ಅಂತ ಓಡ್ಲಿ?"

ಮೆರ್ಲೆಯ ಕೆಲಸ ಮೇ ಕೊನೆಯವರೆಗೂ ಈ ಊರಲ್ಲೇ ಇತ್ತು. ಡಿಸೆಂಬರಿನ ನಡುಚಳಿಯಲ್ಲಿ ಇನ್ನೊಂದು ಮನೆ ಹುಡುಕುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಹತ್ತು ಮನೆ ನೋಡಬೇಕು, ಒಂಬತ್ತರಲ್ಲಿ ಅವಳ ಮಾತಿನ ಎಳೆತ ಕೇಳಿ ಮುಖ ಸಿಂಡರಿಸುತ್ತಾರೆ, ಹತ್ತನೆಯದು ಊರಾಚೆ ಇರುತ್ತದೆ. ಪೆಟ್ಟಿಗೆ ಕಟ್ಟುವುದು, ಇನ್ಯಾರದೋ ಚಮಚ ಎಣಿಸಿಕೊಳ್ಳುವುದು, ಇನ್ಯಾರದೋ ಹಳ್ಳಕ್ಕೆ ಮೈ ಒಗ್ಗಿಸುವುದು.

"ಕೇಳ್ತೀನಿ" ಎಂದಳು.

ಮುಂದಿನ ಬುಧವಾರ ಅವಳು ಐದೂಮುಕ್ಕಾಲಿಗೇ ಇಳಿದು ಬೆಂಚಿನ ಮೇಲೆ ಕೂತಳು. ಆರಕ್ಕೆ ಎರಡು ನಿಮಿಷ ಇರುವಾಗ ಹೊರಬಾಗಿಲಲ್ಲಿ ಕೀ ತಿರುಗಿತು. ಅರ್ಮಾಸ್ ಟೋಪಿಯ ಮೇಲಿನ ಹಿಮ ಕೊಡವಿಕೊಂಡು ಒಳಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಓಹೋ, ಹೊಂಕಲ ಮೊದಲೇ ಬಂದು ಕೂತಿದ್ದಾರೆ" ಎಂದ. "ಈ ಸಲ ಅರ್ಧರ್ಧ ಮಾಡ್ಕೊಳ್ಳೋಣ. ಹಿಂದಿನ ವಾರ ನಿನಗೆ ಮೋಸ ಆಯ್ತು, ಆಮೇಲೆ ನೆನಪಾಯ್ತು ನನಗೆ. ನೀನು ಮೊದಲು ಹೋಗು."

ಅವನು ಹೀಗೆ ಒಳ್ಳೆಯ ಮಾತಾಡುತ್ತಾನೆಂದು ಅವಳು ಎಣಿಸಿರಲಿಲ್ಲ. ಜಗಳಕ್ಕೆ ಸಿದ್ಧಮಾಡಿಕೊಂಡಿದ್ದ ಮಾತುಗಳು ಉಪಯೋಗಕ್ಕೆ ಬರಲಿಲ್ಲ. ಆದರೂ ಹೇಳಿದಳು. ಮಾರ್ಯುತ್ ಫೋನು ಮಾಡಿದ್ದು, ಎದೆಯ ವಿಷಯ, ಡಾಕ್ಟರ ಮಾತು, ಕೀ, ಮೇ ತಿಂಗಳು, ಎಲ್ಲವನ್ನೂ. ಏನನ್ನೂ ಮುಚ್ಚಿಡಲಿಲ್ಲ.

"ಡಾಕ್ಟರು ಒಬ್ಬನೇ ಹೋಗಬೇಡ ಅಂದ್ರು" ಎಂದ ಅರ್ಮಾಸ್. "ನಮ್ಮ ಮಾರ್ಯುತ್ 'ಒಬ್ಬನೇ' ಬಿಟ್ಟು 'ಬೇಡ' ಮಾತ್ರ ಇಟ್ಕೊಂಡಿದ್ದಾಳೆ."

"ಆರೈಕೆಮನೇಲಿ ಸೌನಾ ಇಲ್ವಾ?"

"ಇದೆ. ಮಂಗಳವಾರ, ಊಟ ಆದ್ಮೇಲೆ. ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ, ಒಬ್ಬಳು ಬಾಗಿಲು ತೆಗೆದಿಟ್ಟುಕೊಂಡು ಗಡಿಯಾರ ನೋಡ್ತಾ ನಿಂತಿರ್ತಾಳೆ. ನಲವತ್ತು ವರ್ಷ ಬ್ರೆಡ್ ಒಲೆ ಮುಂದೆ ನಿಂತೋನು ನಾನು. ಅದನ್ನ ಬಿಸಿ ಅಂದ್ರೆ ಒಲೆಗೇ ಅವಮಾನ."

ಮುದುಕರು ಹೇಳುವ ಡಾಕ್ಟರ ಮಾತಿನಲ್ಲಿ ಅರ್ಧ ಡಾಕ್ಟರದು, ಅರ್ಧ ಅವರದೇ ಎಂದು ಮೆರ್ಲೆಗೆ ಗೊತ್ತಿಲ್ಲದೆ ಇರಲಿಲ್ಲ. ಅವಳು ಕೈ ಚಾಚಿಕೊಂಡೇ ಕೂತಳು. ಅರ್ಮಾಸ್ ಆ ಕೈಯನ್ನೇ ನೋಡಿದ. ಬೆರಳ ಸಂದಿಗಳಲ್ಲಿ ಪುಟ್ಟಿಯ ಬಿಳಿ ಇಂಗಿ ಚರ್ಮ ಸೀಳಿತ್ತು. ಅವನು ಜೇಬಿನಿಂದ ಕೀ ತೆಗೆದು, ಅದಕ್ಕೆ ಕಟ್ಟಿದ್ದ ಕೆಂಪು ದಾರದ ಗಂಟನ್ನು ಉಗುರಿನಿಂದ ಬಿಡಿಸಿ, ದಾರವನ್ನು ತಾನಿಟ್ಟುಕೊಂಡು ಕೀಯನ್ನು ಅವಳ ಅಂಗೈಗೆ ಹಾಕಿದ.

"ಮೇ ತನಕ ಅಂದಳಾ?"

"ಹೂಂ."

"ಒಳ್ಳೇದೇ ಆಯ್ತು ಬಿಡು. ಮನುಷ್ಯರಿಲ್ಲದ ಮನೆ ಬೇಗ ಕೆಡುತ್ತೆ. ಗಡಿಯಾರ ಓಡ್ತಿದ್ಯಾ?"

"ಹತ್ತು ನಿಮಿಷ ಮುಂದೆ."

"ಆಯ್‌ನೆ ಹಾಗೆ ಇಟ್ಟಿದ್ದು. ನಾನು ಕೆಲಸಕ್ಕೆ ತಡ ಮಾಡ್ತೀನಿ ಅಂತ." ಆಯ್‌ನೆ ಎಂದರೆ ಹಜಾರದ ಫೋಟೋದಲ್ಲಿದ್ದ ಹೆಂಗಸು ಎಂದು ಮೆರ್ಲೆಗೆ ಕೇಳದೆಯೇ ತಿಳಿಯಿತು. "ನೀನು ಹೋಗು ಒಳಗೆ. ಕಲ್ಲು ಕಾದಿದೆ, ದಂಡ ಆಗುತ್ತೆ. ನಾನು ಇಲ್ಲೇ ಕೂತು ಕೋಟು ಒಣಗಿಸ್ಕೊಂಡು ಹೋಗ್ತೀನಿ."

ಅವಳು ತೊಳೆಯುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಬಟ್ಟೆ ಬಿಚ್ಚಿದಳು, ಒಳಗೆ ಹೋಗಿ ಮೇಲಿನ ಹಲಗೆಯ ಮೇಲೆ ಕೂತು ಸೌಟಿನಲ್ಲಿ ನೀರೆತ್ತಿದಳು. ಭುಜ ಕುಟುಕಿತು. ನೀರು ಕಲ್ಲಿನ ಅಂಚಿಗೆ ಬಿದ್ದು ಚುಸ್ಸೆಂದು ಸತ್ತಿತು.

"ಏನದು, ಕಾಫಿಗೆ ಹಾಲು ಹಾಕ್ತಿದ್ದೀಯಾ?" ಎರಡು ಬಾಗಿಲಾಚೆಯಿಂದ ದನಿ ಬಂತು.

ಮೆರ್ಲೆಗೆ ಸಿಟ್ಟು ಬಂತು. "ಕೈ ಏಳಲ್ಲ!" ಎಂದು ಕೂಗಿದಳು.

"ಎಡಗೈಲಿ ಹಾಕು. ಎಸೀಬೇಡ, ತಗ್ಗಲ್ಲಿ ಹಿಡಿದು ಜಾರಿಸು. ಹಿಂದಿನ ಮೂಲೇಲಿ ಒಂದು ಕರೀ ಕಲ್ಲಿದೆ ನೋಡು, ಅದಕ್ಕೆ. ಮೂರು ಸೌಟು. ಒಂದರ ಹಿಂದೆ ಒಂದು ಬೇಡ, ನಡುವೆ ಒಂದೊಂದು ಉಸಿರು ಬಿಡು."

ಹಾಗೇ ಮಾಡಿದಳು. ಹಬೆ ಈ ಸಲ ಮುಖಕ್ಕೆ ಹೊಡೆಯಲಿಲ್ಲ. ಸೀಲಿಂಗಿನವರೆಗೆ ಹೋಗಿ, ಅಲ್ಲಿಂದ ಯಾರೋ ಹಿಂದಿನಿಂದ ಬಂದು ಕಂಬಳಿ ಹೊದಿಸಿದಂತೆ ಹೆಗಲ ಮೇಲೆ ಇಳಿಯಿತು. ಮೆರ್ಲೆ ಕಣ್ಣು ಮುಚ್ಚಿದಳು. ಭುಜದೊಳಗೆ ಬಿಗಿದಿದ್ದ ಏನೋ ಒಂದು ಎಳೆ ಎಳೆಯಾಗಿ ಬಿಡಿಸಿಕೊಂಡಿತು.

"ಹೇಗಿದೆ?"

"ಚೆನ್ನಾಗಿದೆ."

"ಮತ್ತೆ!" ಎಂದ ಅರ್ಮಾಸ್. ಆಮೇಲೆ ಅವನ ದನಿ ಕೇಳಿಸಲಿಲ್ಲ.

ಅವಳು ಹೊರಬರುವಾಗ ಕೋಣೆ ಖಾಲಿಯಾಗಿತ್ತು. ಅವನ ಬೂಟಿನಿಂದ ಕರಗಿದ ಹಿಮದ ನೀರನ್ನು ಯಾರೋ ಒರೆಸಿದ್ದರು. ಒರೆಸುವ ಬಟ್ಟೆ ಹಿಂಡಿ ಒಣಹಾಕಿತ್ತು. ಬೆಂಚಿನ ಮೇಲೆ ನಾರುಬಟ್ಟೆಯೊಂದು ನಾಲ್ಕು ಮಡಿಕೆಯಾಗಿ ಉಳಿದಿತ್ತು. ಸೌನಾಕ್ಕೆ ಹೋಗುವವರು ಹಲಗೆಯ ಮೇಲೆ ಹಾಸಿಕೊಳ್ಳುವಂಥದ್ದು, ಪ್ರತಿಯೊಬ್ಬರದೂ ಅವರವರದೇ. ಮೂಲೆಯಲ್ಲಿ ಕೆಂಪು ನೂಲಿನಿಂದ ಎರಡು ಅಕ್ಷರ ಹೊಲಿದಿತ್ತು. ತೊಳೆದು ತೊಳೆದು ಕೆಂಪು ಗುಲಾಬಿಯಾಗಿತ್ತು.

ಬಿಟ್ಟುಹೋದನೋ, ಮರೆತುಹೋದನೋ. ಮೆರ್ಲೆ ಅದನ್ನು ಮೇಲಕ್ಕೆ ಒಯ್ದು, ಒಗೆದು, ಕಿಟಕಿಯ ಕೆಳಗೆ ಮನೆ ಕಾಯಿಸುವ ಬಿಸಿಕೊಳವೆಯ ಮೇಲೆ ಹರವಿದಳು. ಕೀಯನ್ನು ಅಡುಗೆಮನೆಯ ಡ್ರಾಯರಿನಲ್ಲಿ ಆರು ಮುಳ್ಳುಚಮಚಗಳ ಪಕ್ಕ ಇಟ್ಟಳು. ಪಟ್ಟಿಯಲ್ಲಿ ಕೀ ಎರಡು ಎಂದಿತ್ತು, ಈಗ ಮೂರಾದವು.

ಗುರುವಾರ ಮಾರ್ಯುತಳಿಗೆ ಒಂದು ಸಾಲು ಬರೆದಳು: ಕೀ ನನ್ನ ಹತ್ತಿರ ಇದೆ. ಗಳಿಗೆಯಲ್ಲಿ ಉತ್ತರ ಬಂತು. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಒಂದು ವಾರದ ಮೇಲೆ ಇವತ್ತು ನಿದ್ದೆ ಮಾಡ್ತೀನಿ." ಶುಕ್ರವಾರ ಮೇ ಕೊನೆಯವರೆಗಿನ ಕರಾರು ಫೋನಿಗೆ ಬಂತು. ಕೆಳಗೆ ಹೆಸರು ಬರೆದು ಒಂದು ಗುಂಡಿ ಒತ್ತಿದರೆ ಆಯಿತು. ಮೆರ್ಲೆ ಶನಿವಾರ ಓದಿದಳು. ಭಾನುವಾರ ಇನ್ನೊಮ್ಮೆ ಓದಿದಳು. ಸೌನಾ ಸರದಿ ಬುಧವಾರ ಆರರಿಂದ ಏಳು ಎಂಬ ಸಾಲು ಮೊದಲಿನಂತೆಯೇ ಇತ್ತು. ಒತ್ತುವುದಕ್ಕೆ ಏನೂ ಅಡ್ಡಿಯಿರಲಿಲ್ಲ. ನಾಳೆ ಒತ್ತೋಣ ಎಂದುಕೊಂಡು ಎಡಮಗ್ಗುಲಿನ ಹಳ್ಳದಲ್ಲಿ ಮಲಗಿದಳು. ಸೋಮವಾರವೂ ಹಾಗೇ ಅಂದುಕೊಂಡಳು. ಮಂಗಳವಾರ ಮಾರ್ಯುತ್ ನೆನಪಿಸಿದಳು: "ನೋಡಿದ್ರಾ?" ಮೆರ್ಲೆ, ಕೆಲಸ ಜಾಸ್ತಿ ಎಂದು ಬರೆದಳು. ಅದು ಸುಳ್ಳಲ್ಲ.

ಬುಧವಾರ ಹಿಮವೂ ಅಲ್ಲದ ಮಳೆಯೂ ಅಲ್ಲದ ಎಂಥದ್ದೋ ಒಂದು ಸುರಿಯುತ್ತಿತ್ತು. ಕೆಲಸ ಮುಗಿಸಿ ಬಸ್ಸಿಳಿದು ಬರುವಾಗ ಕಟ್ಟಡದ ಬಾಗಿಲ ಮುಂದೆ, ದೀಪದ ಕೆಳಗೆ ಉದ್ದನೆಯ ಆಳೊಬ್ಬ ನಿಂತದ್ದು ದೂರದಿಂದಲೇ ಕಂಡಿತು. ಎಡಭುಜ ತಗ್ಗು. ಮೆರ್ಲೆಗೆ ಮೊದಲು ಬಂದದ್ದು ಕರುಣೆಯಲ್ಲ, ಬೇಸರ. ಈ ಮುದುಕ ಇವತ್ತೊಂದು ದಿನ ಹಾಸಿಗೆ ಹಿಡಿದು ಮಲಗಿರಬಾರದಿತ್ತೇ ಎಂದುಕೊಂಡಳು. ಹತ್ತಿರ ಬಂದಾಗ ಅವನ ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸೌನಾಕ್ಕೆ ಬಂದಿಲ್ಲ" ಎಂದ ಅರ್ಮಾಸ್ ಅವಳು ಬಾಯಿ ತೆರೆಯುವ ಮೊದಲೇ. "ಬಟ್ಟೆ ಮರೆತು ಹೋಗಿದ್ದೆ. ಆಯ್‌ನೆ ಹೊಲಿದದ್ದು. ಅದನ್ನ ಕೊಟ್ಟುಬಿಡು, ಮುಂದಿನ ಬಸ್ಸಿಗೆ ಹೋಗ್ತೀನಿ."

"ಎಷ್ಟು ಹೊತ್ತಾಯ್ತು ಬಂದು?"

"ಈಗ ತಾನೇ."

ಅವನ ತುಟಿ ನೀಲಿಗಟ್ಟಿತ್ತು. ಈಗ ತಾನೇ ಬಂದವರ ತುಟಿ ಆ ಬಣ್ಣಕ್ಕೆ ಬರುವುದಿಲ್ಲ.

ಮೆರ್ಲೆ ಅವನನ್ನು ನೆಲಮಾಳಿಗೆಯ ಕೋಣೆಯ ಬೆಂಚಿನ ಮೇಲೆ ಕೂರಿಸಿ ಮೂರು ಮಹಡಿ ಹತ್ತಿದಳು. ಬಿಸಿಕೊಳವೆಯ ಮೇಲೆ ಬಟ್ಟೆ ಒಣಗಿ ಗರಿಗರಿಯಾಗಿತ್ತು. ಮಡಿಸಿ ತೆಗೆದುಕೊಂಡು ಬಾಗಿಲವರೆಗೆ ಬಂದಳು. ಗೋಡೆ ಗಡಿಯಾರದಲ್ಲಿ ಆರು ಗಂಟೆಯಾಗಿತ್ತು. ಎಂದರೆ ಇನ್ನೂ ಹತ್ತು ನಿಮಿಷವಿತ್ತು. ಫೋಟೋದ ಹೆಂಗಸು ಅವಳನ್ನು ನೋಡಲಿಲ್ಲ, ಎಲ್ಲೋ ಪಕ್ಕಕ್ಕೆ ನೋಡುತ್ತಿದ್ದಳು. ಮೆರ್ಲೆ ನಿಂತಳು. ಬೂಟು ಬಿಚ್ಚದೆಯೇ ಅಡುಗೆಮನೆಗೆ ಹಿಂತಿರುಗಿ, ಮೊಣಕಾಲೂರಿ ಫ್ರೀಜರಿನ ಕೆಳಗಿನ ಖಾನೆ ಎಳೆದಳು.

ಸೊಪ್ಪಿನ ಕಟ್ಟನ್ನು ಅರ್ಮಾಸ್ ತೆಗೆದುಕೊಂಡು, ಪೇಪರು ಬಿಡಿಸಿ ಮೂಗಿಗೆ ಹಿಡಿದುಕೊಂಡ.

"ಕೆಳಗಿನ ಹಲಗೆ ಮೇಲೆ ಕೂರಬೇಕು" ಎಂದಳು ಮೆರ್ಲೆ. "ಮೇಲಕ್ಕೆ ಹತ್ತಬಾರದು."

"ಆಯ್ತು."

"ನಾನು ಇಲ್ಲೇ ಕೂತಿರ್ತೀನಿ. ಸ್ವಲ್ಪ ಹೊತ್ತಿಗೊಮ್ಮೆ ನೀರು ಹಾಕಬೇಕು, ಸದ್ದು ಕೇಳಬೇಕು ನನಗೆ. ಸದ್ದು ನಿಂತ್ರೆ ಒಳಗೆ ಬಂದುಬಿಡ್ತೀನಿ. ನೀವು ಹೇಗಿದ್ರೂ ಸರಿ."

"ಬಾ, ಬಾ. ನೋಡೋ ಅಂಥದ್ದು ಏನೂ ಉಳಿದಿಲ್ಲ." ಎದ್ದವನು ಬಾಗಿಲಲ್ಲಿ ನಿಂತ. "ನಿನ್ನ ಕೈ?"

"ಮುಂದಿನ ವಾರ."

"ಮನೆ?"

"ಹೋಗಿ ಅರ್ಮಾಸ್. ಕಲ್ಲು ಕಾದಿದೆ."

ಅವನು ಒಳಗೆ ಹೋದ. ಮೆರ್ಲೆ ಗೋಡೆಗೆ ಒರಗಿ ಕೂತಳು. ಭುಜ ಹಲ್ಲುನೋವಿನಂತೆ ಮಿಡಿಯುತ್ತಿತ್ತು. ಒಳಗೆ ನೀರು ಸುರಿದುಕೊಂಡ ಸದ್ದು, ಬಾಗಿಲು ಮುಚ್ಚಿದ ಸದ್ದು, ಹಲಗೆ ಕಿರುಗುಟ್ಟಿದ ಸದ್ದು. ಆಮೇಲೆ ಚುಂಯ್. ಒಂದು ಉಸಿರು. ಚುಂಯ್. ಇನ್ನೊಂದು ಉಸಿರು. ಚುಂಯ್.

ಜೇಬಿನಲ್ಲಿ ಫೋನು ಅದುರಿತು. ಮಾರ್ಯುತ್.

"ಅಪ್ಪ ಮತ್ತೆ ಕಾಣಿಸ್ತಿಲ್ಲವಂತೆ. ಕೀ ನಿಮ್ಮ ಹತ್ರ ಇದೆ ಅಂದಿದ್ರಿ ತಾನೇ? ಅಲ್ಲಿಗೆ ಬಂದಿಲ್ಲ ತಾನೇ?"

ಹೇಳಿಕೊಳ್ಳಲು ಒಂದು ಸುಳ್ಳು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಮೆರ್ಲೆಗೆ ಅದನ್ನು ಎತ್ತಿಕೊಳ್ಳುವಷ್ಟು ಶಕ್ತಿಯಿರಲಿಲ್ಲ.

"ಕೀ ನನ್ನ ಹತ್ರಾನೇ ಇದೆ. ಬಾಗಿಲು ನಾನೇ ತೆಗೆದೆ. ಒಳಗಿದ್ದಾರೆ. ಕೆಳಗಿನ ಹಲಗೆ ಮೇಲೆ. ನಾನು ಬಾಗಿಲಲ್ಲೇ ಕೂತಿದ್ದೀನಿ."

ಆ ಕಡೆ ಒಂದು ಕುರ್ಚಿ ಎಳೆದದ್ದು ಕೇಳಿಸಿತು.

"ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೆ ಮೆರ್ಲೆ."

"ಗೊತ್ತು."

"ನಾನೇ ಬರಬೇಕು ಇನ್ನು. ಬೇರೆ ದಾರಿ ಇಲ್ಲ. ಆ ಕರಾರು ಬಿಟ್ಟುಬಿಡಿ. ಡಿಸೆಂಬರ್ ಕೊನೆಗೆ ಮನೆ ಖಾಲಿ ಬೇಕು ನನಗೆ."

"ಆಗ್ಲಿ" ಎಂದಳು ಮೆರ್ಲೆ. ಆ ಮಾತು ಇಷ್ಟು ಸಲೀಸಾಗಿ ಬಾಯಿಂದ ಹೊರಬಿತ್ತಲ್ಲಾ ಎಂದು ಅವಳಿಗೇ ಆಶ್ಚರ್ಯವಾಯಿತು. ಮಂಚದ ಕೆಳಗಿನ ಪೆಟ್ಟಿಗೆ ನೆನಪಾಯಿತು. ಅದನ್ನು ಅವಳು ಪೂರ್ತಿ ಬಿಚ್ಚಿಯೇ ಇರಲಿಲ್ಲ.

ಮಾರ್ಯುತ್ ಫೋನು ಇಡುತ್ತಾಳೆಂದು ಕಾದಳು. ಮಾರ್ಯುತ್ ಇಡಲಿಲ್ಲ. ಅವಳ ಉಸಿರು ಮಾತ್ರ ಬರುತ್ತಿತ್ತು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದಳು:

"ನೀರು ಹಾಕ್ತಿದ್ದಾರಾ?"

ಮೆರ್ಲೆ ಕಿವಿಗೊಟ್ಟಳು. ಕೊನೆಯ ಸದ್ದು ಬಂದು ಎಷ್ಟು ಹೊತ್ತಾಗಿತ್ತು? ಫೋನಿನ ಗಡಿಬಿಡಿಯಲ್ಲಿ ಎಣಿಕೆ ತಪ್ಪಿತ್ತು. ತೊಳೆಯುವ ಕೋಣೆಯಲ್ಲಿ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಅದು ಬಿಟ್ಟರೆ ಏನೂ ಇಲ್ಲ. ಅವಳು ಎದ್ದು ಒಳಗೆ ಹೋಗಿ ಬಿಸಿಕೋಣೆಯ ಮರದ ಬಾಗಿಲಿನ ಮುಂದೆ ನಿಂತಳು. ಎಡಗೈ ಹಿಡಿಕೆಯ ಮೇಲಿತ್ತು. ನೋಯುವ ಬಲಗೈಯಲ್ಲಿ ಫೋನನ್ನು ಎತ್ತಿ ಬಾಗಿಲಿಗೆ ಆನಿಸಿ ಹಿಡಿದಳು. ಅಲ್ಲಿ, ಆರು ಗಂಟೆ ದೂರದಲ್ಲಿ, ಮಾರ್ಯುತ್ ಕೂಡ ಉಸಿರು ಬಿಗಿಹಿಡಿದಳು.

ಚುಂಯ್.

ಇಬ್ಬರೂ ಒಂದು ಉಸಿರು ಬಿಟ್ಟರು. ಮೆರ್ಲೆ ಕೈ ಇಳಿಸದೆ ಎರಡನೆಯದಕ್ಕೆ ಕಾಯುತ್ತ ನಿಂತಳು.